ಸೀಲ್ ಒಡೆದ ಕಾರ್ಡು

ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಕೊಂದವಳು ನಾನೇ. ತಪ್ಪನ್ನು ಬೇರೆ ಯಾರ ಮೇಲಾದರೂ ಹಾಕೋಣವೆಂದು ಬಹಳ ನೋಡಿದೆ, ಯಾರೂ ಸಿಗಲಿಲ್ಲ.

ಸಿಂದಗಿಯಲ್ಲಿ ನಮ್ಮದು ಗಾದಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಹತ್ತಿ ಹಿಂಜುವ ಮಿಷಿನ್ ಶುರು ಮಾಡಿದರೆಂದರೆ ಹತ್ತಿಯ ಎಳೆಗಳು ಎದ್ದು ಮನೆಯೊಳಗೆಲ್ಲ ಓಡಾಡುತ್ತವೆ. ಅನ್ನದ ಮೇಲೆ, ಅವ್ವನ ಹುಬ್ಬಿನ ಮೇಲೆ, ನೀರಿನ ಕೊಡದೊಳಗೆ, ಎಲ್ಲೆಂದರಲ್ಲಿ. ನಮಗೆ ರೂಢಿ. ಕಂಪ್ಯೂಟರಿಗೆ ಎಲ್ಲಿಯ ರೂಢಿ? ಅದರ ಫ್ಯಾನು ಗಾಳಿಯ ಜೊತೆ ಹತ್ತಿಯನ್ನೂ ಎಳೆದುಕೊಂಡು, ತಿಂಗಳೊಪ್ಪತ್ತಿನಲ್ಲಿ ಒಳಗೊಂದು ಸಣ್ಣ ತಲೆದಿಂಬು ತಯಾರಾಗಿರುತ್ತಿತ್ತು. ನಾನು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಬ್ರಷ್ ಹಾಕಿ ತೆಗೆಯುತ್ತಿದ್ದೆ. ಒಂದು ದಿನ ತಲೆ ಕೆಟ್ಟುಹೋಯಿತು. ಗಾದಿಯ ಒಳಮೈಗೆ ಹಾಕುವ ತೆಳು ಬಟ್ಟೆಯನ್ನು ಅಳತೆ ಮಾಡಿ ಕತ್ತರಿಸಿ, ಅಂಚು ಹೊಲಿದು, ಆ ಡಬ್ಬಿಗೆ ಸುತ್ತಲೂ ಗವುಸು ತೊಡಿಸಿಬಿಟ್ಟೆ. ಗಾದಿ ಮಾಡುವವರ ಮನೆಯಲ್ಲಿ ಯಾವುದಕ್ಕೇ ಏನೇ ಆದರೂ ಅದಕ್ಕೊಂದು ಗವುಸು ಹೊಲಿಯುವುದೇ ಔಷಧ. ಹತ್ತಿ ಒಳಗೆ ಹೋಗುವುದು ನಿಂತಿತು. ಗಾಳಿ ಹೋಗುವುದೂ ನಿಂತಿತು. ಎಂಟನೆಯ ದಿನ ಮಧ್ಯಾಹ್ನ ಪರದೆಯ ತುಂಬ ಬಣ್ಣದ ಗೆರೆಗಳು ಎದ್ದು, ಸುಟ್ಟ ವಾಸನೆ ಬಂದು, ಪರದೆಗೆ ಚಿತ್ರ ತರುವ ಆ ಕಾರ್ಡು ಆರಿಹೋಯಿತು.

"ಏನ ಸುಡಾಕತ್ತೈತವಾ?" ಎಂದು ಅಡುಗೆಮನೆಯಿಂದ ಅವ್ವ ಕೂಗಿದಳು. "ಒಲಿ ಮ್ಯಾಲ ನಾ ಏನೂ ಇಟ್ಟಿಲ್ಲಲ್ಲ?"

"ನನ್ನ ಹಣೆಬರಾ ಸುಡಾಕತ್ತೈತಿ, ನೀ ರೊಟ್ಟಿ ಬಡಿ" ಅಂದೆ.

ಇಪ್ಪತ್ತಾರು ವರ್ಷದ ಹೆಣ್ಣುಮಗಳಿಗೆ ಆಟದ ಕಂಪ್ಯೂಟರ್ ಯಾಕೆ ಎಂದು ಕೇಳುವವರಿಗೆ ನಮ್ಮೂರಲ್ಲಿ ಕೊರತೆಯಿಲ್ಲ. ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಮನೆಯಿಂದ ಕಾಲೇಜಿಗೆ ಹನ್ನೆರಡು ನಿಮಿಷ, ಕಾಲೇಜಿನಿಂದ ಮನೆಗೆ ಹನ್ನೆರಡು ನಿಮಿಷ. ಇಪ್ಪತ್ತಾದರೆ ಅವ್ವ ಹೊಸ್ತಿಲಲ್ಲಿ ನಿಂತಿರುತ್ತಾಳೆ. ಅವಳು ಬೈಯುವುದಿಲ್ಲ, ಸುಮ್ಮನೆ ನಿಂತಿರುತ್ತಾಳೆ, ಅದು ಬೈಗುಳಕ್ಕಿಂತ ಕೆಟ್ಟದ್ದು. ಆಟದಲ್ಲಿ ನಾನು ಲಾರಿ ಓಡಿಸುತ್ತೇನೆ. ಹದಿನೆಂಟು ಗಾಲಿಯದು. ನಾನೆಂದೂ ಕಾಣದ ದೇಶಗಳ ರಸ್ತೆಯಲ್ಲಿ, ಒಬ್ಬಳೇ, ಕಟ್ಟಿಗೆಯನ್ನೋ ಹಾಲಿನ ಪುಡಿಯನ್ನೋ ಹೇರಿಕೊಂಡು ಒಂದು ಗಡಿ ದಾಟಿ ಇನ್ನೊಂದು ಗಡಿಗೆ ಹೋಗುತ್ತೇನೆ. ಎಲ್ಲಿಗೆ ಹೊರಟೆ, ಯಾರ ಜೊತೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ಅಪ್ಪನ ಮಿಷಿನ್ ನಡೆಯುವಾಗ ಲೈಟು ಮಂದವಾಗಿ ಕಂಪ್ಯೂಟರ್ ತಾನೇ ಆರಿಹೋಗುತ್ತದೆ. ಹಾಗಾಗಿ ಅಪ್ಪ ರಾತ್ರಿ ಊಟ ಮಾಡಿ ಅಡ್ಡಾಗುವ ಹೊತ್ತು, ಸಂಜೆ ನಮಾಜಿಗೆ ಹೋಗುವ ಹೊತ್ತು, ರಜೆಯ ದಿನದ ಸಂಜೆ, ಇಷ್ಟೇ ನನ್ನ ರಸ್ತೆ. ಕಾರ್ಡು ಸುಟ್ಟ ಮೇಲೆ ಅದೂ ಮುಚ್ಚಿತು. ಆ ಕೋಣೆಯಲ್ಲಿ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು. ಇದು ಬರೀ ಮಾತಿಗೆ ಹೇಳುವುದಲ್ಲ, ಖರೇನೇ ಕಟ್ಟುತ್ತಿತ್ತು.

ಹೊಸ ಕಾರ್ಡಿಗೆ ದುಡ್ಡು ಕೂಡಿಟ್ಟಿದ್ದೆ. ಯಾವುದು ಅಂತ ಆರಿಸುವುದೇ ಕಷ್ಟ. ಕಾರ್ಡಿನ ಲೋಕದಲ್ಲಿ ಎರಡು ಪಂಗಡ. ಡಬ್ಬದ ಬಣ್ಣ ನೋಡಿ ಎಲ್ಲರೂ ಕರೆಯುವುದು ಹಸಿರು, ಕೆಂಪು ಅಂತ. ಹಸಿರಿನದು ಕರೆಂಟು ಕಡಿಮೆ ತಿನ್ನುತ್ತದೆ, ಬೆಳಕು ನೆರಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ, ಆದರೆ ಬೆಲೆ ಹೆಚ್ಚು, ಮೆಮರಿ ಎಂಟು ಜಿಬಿ. ಕೆಂಪಿನದು ಅಗ್ಗ, ಮೆಮರಿ ಹನ್ನೆರಡು, ಆದರೆ ಕರೆಂಟು ಕುಡಿಯುತ್ತದೆ, ಬಿಸಿಯೂ ಜಾಸ್ತಿ. ಒಂದು ವಿಡಿಯೋ ನೋಡಿದರೆ ಹಸಿರು, ಇನ್ನೊಂದು ನೋಡಿದರೆ ಕೆಂಪು. ಆಫೀಸಿನಲ್ಲಿ ಹಾಜರಿ ಪಟ್ಟಿಯ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ಅತ್ತ ಇತ್ತ ಬರೆದು, ಹೊಡೆದು ಹಾಕಿ, ಮತ್ತೆ ಬರೆಯುತ್ತಿದ್ದೆ. ಬೇಡವಾದದ್ದನ್ನು ಬಿಟ್ಟುಬಿಟ್ಟೆ ಅಂದುಕೊಂಡು ಮಲಗಿದರೆ ಬೆಳಿಗ್ಗೆ ಅದೇ ಬೇಕೆನಿಸುತ್ತಿತ್ತು. ಥೂ, ಇದೇನು ಜನ್ಮ ಎಂದು ನನಗೆ ನಾನೇ ಬೈದುಕೊಂಡದ್ದುಂಟು.

ಕೇಳಲು ತಿಳಿದವನೊಬ್ಬನಿದ್ದ. ಅಪ್ಪನಿಗೆ ಒಬ್ಬಳೇ ತಂಗಿ, ಇಂಡಿಗೆ ಕೊಟ್ಟದ್ದು. ಆ ಅತ್ತೆಯ ಮಗನದು ಇಂಡಿಯಲ್ಲಿ ಕಂಪ್ಯೂಟರ್ ಅಂಗಡಿ. ಚಡಚಣದ ದ್ರಾಕ್ಷಿ ವ್ಯಾಪಾರಿಗಳಿಗೆ ಬಿಲ್ಲಿನ ಪ್ರಿಂಟರ್, ಬಸವನ ಬಾಗೇವಾಡಿಯ ಕಾಲೇಜು ಹುಡುಗರಿಗೆ ಆಟದ ಕಂಪ್ಯೂಟರ್, ಎಲ್ಲ ಅವನದೇ ಕೈ. ನನಗಿಂತ ಮೂರು ವರ್ಷ ದೊಡ್ಡವನು. ಸಣ್ಣವಳಿದ್ದಾಗ ಒಮ್ಮೆ ಅವನನ್ನು ಅಣ್ಣ ಎಂದು ಕರೆದಿದ್ದೆ. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಅಣ್ಣ ಅನಬಾರದವಾ, ಮಾಮಾ ಅನ್ನು" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ನಾನು ಅಂದಿನಿಂದ ಅವನನ್ನು ಏನೂ ಅಂತ ಕರೆಯಲಿಲ್ಲ. ಮೆಸೇಜಿನಲ್ಲಿ ಕರೆಯುವ ಗರಜೂ ಇಲ್ಲವಲ್ಲ.

ಅವನು ಹಸಿರಿನ ಭಕ್ತ. ಅವನ ಅಂಗಡಿಯಲ್ಲಿ ಕೆಂಪು ಇಡುವುದೇ ಇಲ್ಲ.

"ಹಸರಂದ ತಗೋ. ನೀರಾಗ ನೆಳ್ಳ ಹೆಂಗ ಬೀಳ್ತೈತಿ ನೋಡು, ಕಣ್ಣ ತಿರಗತಾವು" ಎಂದು ಬರೆಯುತ್ತಿದ್ದ.

"ನೀರಾಗಿನ ನೆಳ್ಳ ನೋಡಾಕ ನಾ ಭೀಮಾ ಹೊಳಿಗೆ ಹೋಗ್ತೇನಿ. ಮೆಮರಿ ಎಷ್ಟೈತಿ ಹೇಳು."

"ಎಂಟು. ಸಾಕಾಗ್ತೈತಿ."

"ಕೆಂಪಂದಕ್ಕ ಹನ್ನೆರಡೈತಿ."

"ಹನ್ನೆರಡ ತಗೊಂಡ ಏನ ಮಾಡ್ತಿ? ಹತ್ತಿ ತುಂಬತಿ?"

ಹೀಗೆ ನಾಲ್ಕು ತಿಂಗಳು. ದಿನಾ ಜಗಳ. ನಿಜ ಹೇಳುತ್ತೇನೆ, ಆ ಜಗಳ ನನಗೆ ಹಿತವಾಗಿತ್ತು. ಸಿಂದಗಿಯಲ್ಲಿ ನನ್ನ ಜೊತೆ ಈ ವಿಷಯ ಮಾತಾಡುವವರು ಇನ್ನಾರೂ ಇರಲಿಲ್ಲ. ಫೋನು ನೋಡಿ ಒಬ್ಬಳೇ ನಗುತ್ತಿದ್ದೆ, ರೊಟ್ಟಿ ತಿನ್ನುತ್ತಾ ಎಡಗೈಯಲ್ಲಿ ಉತ್ತರ ಬರೆಯುತ್ತಿದ್ದೆ. ಅವ್ವ ಅದನ್ನು ನೋಡುತ್ತಿದ್ದಳು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಂಡಿಯಲ್ಲಿ ಅತ್ತೆಯೂ ಮಗನನ್ನು ಹಾಗೆಯೇ ನೋಡುತ್ತಿದ್ದಳಂತೆ. ಇಬ್ಬರೂ ಹೆಂಗಸರು ಫೋನಿನಲ್ಲಿ ತಮ್ಮ ತಮ್ಮ ಲೆಕ್ಕ ಕೂಡಿಸಿಕೊಂಡಿದ್ದರು.

ಕೊನೆಗೆ ನಾನು ತೀರ್ಮಾನ ಮಾಡಿದೆ. ಕೆಂಪು. ಎರಡು ಫ್ಯಾನಿನದು. ಅದಕ್ಕೆ ದೊಡ್ಡ ಕಾರಣ ಮೆಮರಿಯಲ್ಲ, ಉದ್ದ. ನನ್ನ ಡಬ್ಬಿ ಹಳೆಯದು, ಒಳಗೆ ಇಪ್ಪತ್ತೇಳು ಸೆಂಟಿಮೀಟರ್ ಜಾಗ. ಅವನು ಹೇಳುತ್ತಿದ್ದ ಹಸಿರು ಮೂರು ಫ್ಯಾನಿನದು, ಮೊಳದುದ್ದ. ಡಬ್ಬಿಯಲ್ಲಿ ಹಿಡಿಸುವುದಿಲ್ಲ, ಕೂಡುವುದಿಲ್ಲ ಎಂದು ಬರೆದೆ. ಕೂಡ್ತೈತಿ ಎಂದು ಅವನು ಬರೆದ. ಕೂಡೂದಿಲ್ಲ. ಕೂಡ್ತೈತಿ. ಇದರ ಮೇಲೇ ಎರಡು ದಿನ ಹೋಯಿತು.

ಮರುದಿನ ರವಿವಾರ. ಹನ್ನೊಂದರ ಹೊತ್ತಿಗೆ ಅತ್ತೆಯೂ ಅವಳ ಗಂಡನೂ ಬಸ್ಸಿಳಿದು ಬಂದರು. ಒಂದು ಚೀಲ ಇಂಡಿಯ ಲಿಂಬೆಹಣ್ಣು, ಒಂದು ಸಕ್ಕರೆ ಪೊಟ್ಟಣ, ಮತ್ತೆ ಮಿಂಚುವ ಕಾಗದ ಸುತ್ತಿದ ಒಂದು ಡಬ್ಬ. ಸಕ್ಕರೆ ನೋಡಿದ ಕೂಡಲೇ ಅವರು ಯಾಕೆ ಬಂದಿದ್ದಾರೆಂದು ತಿಳಿಯಿತು. ನಮ್ಮ ಮಂದಿಯಲ್ಲಿ ಒಂದು ರೀತಿ ಇದೆ. ಗಂಡಿನ ಕಡೆಯವರು ತಂದದ್ದನ್ನು ಹುಡುಗಿ ತನ್ನ ಕೈಯಾರೆ ಬಿಚ್ಚಿದರೆ ಒಪ್ಪಿದಳು ಅಂತ. ಆಗ ಅವಳ ಬಾಯಿಗೆ ಸಕ್ಕರೆ ಹಾಕುತ್ತಾರೆ, ಮಾತು ಮುಗಿಯಿತು. ಒಲ್ಲದಿದ್ದರೆ ಬಿಚ್ಚದೆ ಹಾಗೇ ಇಟ್ಟು, ಚಹಾ ಕೊಟ್ಟು, ಹೋಗುವಾಗ ಅದನ್ನೇ ಚೀಲಕ್ಕೆ ಹಾಕಿ ಕಳಿಸುತ್ತಾರೆ. ಯಾರೂ ಯಾರಿಗೂ ಒಂದು ಮಾತು ಅನ್ನುವುದಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅಪ್ಪ ಮಿಷಿನ್ ಬಂದ್ ಮಾಡಿ, ಮೈಮೇಲಿನ ಹತ್ತಿ ಕೊಡವಿಕೊಂಡು ಬಂದು ಕೂತರು. ತಂಗಿ ಬಂದರೆ ಅವರ ಮುಖವೇ ಬೇರೆಯಾಗುತ್ತದೆ. ತಾಯಿ ಬೇಗ ಹೋದದ್ದಕ್ಕೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ.

"ಬಿಚ್ಚಿ ನೋಡವಾ, ನನ ಬಂಗಾರ" ಅಂದಳು ಅತ್ತೆ.

ನಾನು ಕೈ ಹಿಂದೆ ಕಟ್ಟಿಕೊಂಡೆ. "ಆಮ್ಯಾಲ ನೋಡ್ತೇನಿ ಅತ್ತಿ. ಮೊದಲ ಚಾ ಕುಡೀರಿ."

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅತ್ತೆ ಬಸಿಗೆ ಚಹಾ ಸುರುವಿಕೊಳ್ಳುತ್ತಾ ಅಪ್ಪನಿಗೆ ಹೇಳಿದಳು: "ಮೂರ ಫ್ಯಾನಿಂದ ಐತಂತ ಯಣ್ಣಾ, ಭಾಳ ತುಟ್ಟೀದು. ನಿಮ್ಮಾಕಿ ಡಬ್ಬ್ಯಾಗ ಕೂಡೂದಿಲ್ಲ ಅಂದಿದ್ಲಂತ. ಅಂವ ನಗಾಕತ್ತಿದ್ದ. ಗಾದಿ ಮಾಡೂರ ಮನ್ಯಾಗ ಹುಟ್ಟಿ ಅಳತಿ ತಿಳಿಯೂದಿಲ್ಲ ಆಕಿಗೆ, ಅಂದ."

ಏನಂದ? ಅಳತೆ ತಿಳಿಯುವುದಿಲ್ಲ? ನನಗೆ? ಏಳು ವರ್ಷದವಳಿದ್ದಾಗಿನಿಂದ ಅಪ್ಪನ ಟೇಪಿನ ತುದಿ ಹಿಡಿದು ನಿಂತವಳು ನಾನು. ಮೈಯೆಲ್ಲ ಉರಿದುಹೋಯಿತು. ಮಿಂಚುವ ಕಾಗದ ಪರ್ ಅಂತ ಹರಿದೆ. ಡಬ್ಬದ ಬಾಯಿಗೆ ಅಂಟಿಸಿದ್ದ ಸೀಲನ್ನು ಉಗುರಿನಿಂದ ಸೀಳಿದೆ. ಕಾರ್ಡನ್ನು ಎಳೆದು ತೆಗೆದು, ಗೂಟಕ್ಕೆ ತೂಗಿದ್ದ ಟೇಪು ತಂದು ಎಲ್ಲರ ಮುಂದೆ ಹಿಡಿದು ಅಳೆದೆ.

"ಮೂವತ್ತೂವರಿ! ನನ್ನ ಡಬ್ಬಿ ಇಪ್ಪತ್ತೇಳು! ನೋಡ್ರಿ, ಕೂಡೂದಿಲ್ಲ ಅಂದ್ರ ಕೂಡೂದಿಲ್ಲಾ!"

ಆ ತೆರೆದ ಬಾಯಿಗೇ ಅತ್ತೆ ಸಕ್ಕರೆ ಹಾಕಿದಳು. "ಬಿಸ್ಮಿಲ್ಲಾ" ಎಂದು ನನ್ನ ನೆತ್ತಿ ನೇವರಿಸಿದಳು. ಅವ್ವ ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು. ನಾನು ಕೈಯಲ್ಲಿ ಟೇಪು ಹಿಡಿದು, ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ನಿಂತಿದ್ದೆ. ಉಗುಳಬಹುದಿತ್ತು. ಅಪ್ಪನ ಮುಖ ನೋಡಿದೆ. ಹತ್ತಿ ಹತ್ತಿದ ಮುಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಕ್ಕರೆ ನುಂಗಿದೆ.

ಅಂದಿನಿಂದ ಮೂರು ವಾರ ನಾನು ಹೇಗಿದ್ದೆ ಎನ್ನುವುದನ್ನು ನೆನೆಯಲು ಈಗಲೂ ಬೇಸರ. ಕಾರ್ಡು ತಿಜೂರಿಯ ಮೇಲೆ ಕೂತಿತ್ತು. ಬಂದವರೆಲ್ಲ ಅದನ್ನು ಕೆಳಗಿಳಿಸಿ ನೋಡಿ, ಭಾರ ಎಷ್ಟಿದೆ ಎಂದು ತೂಗಿ, ಮೇಲಿಡುತ್ತಿದ್ದರು. ಬೆಳ್ಳಿ ಕಾಲುಂಗುರ ನೋಡಿದ ಹಾಗೆ. "ಯಾಕ ಹಾಕಿಲ್ಲ?" ಎಂದು ಕೇಳಿದರೆ "ಕೂಡೂದಿಲ್ಲ" ಅನ್ನುತ್ತಿದ್ದೆ. ಅತ್ತೆ ಫೋನಿನಲ್ಲಿ, "ನಮ್ಮನಿಗೆ ಬಂದಮ್ಯಾಲ ದೊಡ್ಡ ಡಬ್ಬಿ ಕೊಡಸ್ತಾನೇಳು" ಎಂದಳು. ಅವಳು ಪ್ರೀತಿಯಿಂದಲೇ ಹೇಳಿದಳು. ನನಗೆ ಮಾತ್ರ ಆ ದೊಡ್ಡ ಡಬ್ಬಿಯೊಳಗೆ ನನ್ನನ್ನೇ ಇಟ್ಟು ಮುಚ್ಚಳ ಹಾಕಿದಂತಾಯಿತು.

ಅವನು ಕೆಟ್ಟವನಲ್ಲ. ಅದೇ ತೊಂದರೆ. ಕುಡುಕನೋ ಜೂಜುಗಾರನೋ ಆಗಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆ ರವಿವಾರದ ಮೇಲೆ ಅವನ ಮೆಸೇಜುಗಳ ಧಾಟಿ ಬದಲಾಯಿತು. ಜಗಳವಿಲ್ಲ. "ಊಟ ಆತೇನು?" "ಬಿಸಲಾಗ ಅಡ್ಡ್ಯಾಡಬ್ಯಾಡ." ಹನ್ನೆರಡು ಜಿಬಿ ಎಂದು ನಾನೇ ಕೆಣಕಿ ನೋಡಿದೆ. "ನೀ ಹೇಳಿದ್ದ ಖರೆ" ಎಂದು ಬರೆದ. ನನ್ನ ಜೊತೆ ವಾದ ಮಾಡುವವನೊಬ್ಬನಿದ್ದ, ಅವನೂ ಹೋದ. ಅವನು ಹೀಗೆ ಒಪ್ಪಿಕೊಳ್ಳುತ್ತಾ, ನಾನು ಹೀಗೆ ಸುಮ್ಮನಿರುತ್ತಾ ಒಂದು ಜೀವಮಾನ ಕಳೆಯಬೇಕಲ್ಲ ಎಂದು ನೆನೆದು ಫೋನನ್ನು ಮಗುಚಿ ಇಡುತ್ತಿದ್ದೆ.

ಅವ್ವನ ಮುಂದೆ ಒಮ್ಮೆ ಬಾಯಿಬಿಟ್ಟೆ. "ಅವ್ವಾ, ನಾ ಈ ಲಗ್ನ ಒಲ್ಲೆ."

ಅವ್ವ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ. "ಸೀಲ್ ಒಡದಾಕಿ ನೀನ. ಯಾರು ಒಡಿ ಅಂದಿದ್ರು? ಕೈ ಹಿಂದ ಕಟಗೊಂಡ ನಿಂತಿದ್ದಿ, ನಾ ನೋಡೇನಿ. ನಿಂತಿದ್ದರ ನಾ ಚಾ ಕೊಟ್ಟ ಕಳಸ್ತಿದ್ದೆ."

"ಸಿಟ್ಟಿಗೆ ಒಡದೆ."

"ಸಿಟ್ಟಿಗೆ ಒಡದದ್ದೂ ಒಡದದ್ದ. ನಿಮ್ಮಪ್ಪಗ ಹೇಳ್ತಿ? ಹೇಳು ಹೋಗು."

ಅಪ್ಪನಿಗೆ ಹೇಗೆ ಹೇಳುವುದು? ನಾನು ಸಕ್ಕರೆ ತಿಂದ ಮರುದಿನವೇ ಅಪ್ಪ ನನ್ನ ಮದುವೆಯ ಗಾದಿಗೆ ಕೈ ಹಾಕಿದ್ದರು. ಗಿರಾಕಿಗಳ ಕೆಲಸ ಬದಿಗಿಟ್ಟು, ಒಳ್ಳೆಯ ಹೊಸ ಹತ್ತಿ ತರಿಸಿ, ಎರಡು ಸಲ ಹಿಂಜಿ, ಕಸರು ಒಂದೊಂದಾಗಿ ಆರಿಸಿದರು. ಇಬ್ಬರು ಮಲಗುವ ಅಗಲದ್ದು. ಮೇಲ್ಬಟ್ಟೆಗೆ ನೀಲಿ ಪಟ್ಟೆ. ದಬ್ಬಣ ಹಿಡಿದು, ನಾನು ದಾಟಿ ಹೋಗುವಾಗ ತಲೆ ಎತ್ತಿ ನಗುತ್ತಿದ್ದರು. ಯಾವಾಗಲೂ ನಗುವ ಮನುಷ್ಯರಲ್ಲ. ಆ ನಗು ನೋಡಿದಾಗಲೆಲ್ಲ ಹೇಳಬೇಕೆಂದದ್ದನ್ನು ಬಿಟ್ಟು, ನೀರು ಬೇಕೇ ಎಂದು ಕೇಳಿ ಒಳಗೆ ಹೋಗುತ್ತಿದ್ದೆ. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ, ಯಾರೂ ಬೈದಿರಲಿಲ್ಲ, ಎಲ್ಲರೂ ಖುಷಿಯಾಗಿದ್ದರು. ಆ ಖುಷಿಯಲ್ಲಿ ನನಗೆ ಹೊರಬರಲು ಒಂದು ಬಾಗಿಲೂ ಕಾಣಲಿಲ್ಲ.

ಗಾದಿಯ ಕೊನೆಯ ಅಂಚು ಮಾತ್ರ ಉಳಿದಿದ್ದ ದಿನ ನಾನು ಆಫೀಸಿಗೆ ರಜೆ ಹಾಕಿದೆ. ಮನೆಯಲ್ಲಿ ಹೇಳಲಿಲ್ಲ. ಅವ್ವ ಹಿತ್ತಲಲ್ಲಿದ್ದಾಗ ಕಾರ್ಡನ್ನು ಡಬ್ಬಕ್ಕೆ ಸೇರಿಸಿ, ಹಳೆಯ ದುಪಟ್ಟಾದಲ್ಲಿ ಸುತ್ತಿ, ಊಟದ ಚೀಲದಲ್ಲಿ ತುರುಕಿಕೊಂಡು ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಆಲಮೇಲದ ಮೇಲೆ ಹಾಯ್ದು ಇಂಡಿಗೆ ಹೋಗುವ ಬಸ್ಸು ಹತ್ತಿದೆ. ನಗಬೇಡಿ, ಇಪ್ಪತ್ತಾರು ವರ್ಷಕ್ಕೆ ಬೇರೆ ತಾಲೂಕಿಗೆ ನಾನು ಒಬ್ಬಳೇ ಹೋದದ್ದು ಅದೇ ಮೊದಲು. ಆಟದಲ್ಲಿ ಸಾವಿರಾರು ಕಿಲೋಮೀಟರ್ ಲಾರಿ ಓಡಿಸಿದವಳಿಗೆ ಟಿಕೆಟ್ ಕೇಳುವಾಗ ಧ್ವನಿ ಹೊರಡಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ತೆವಳುತ್ತಾ ಹೋಯಿತು. ಪರಿಚಯದವರು ಯಾರಾದರೂ ಹತ್ತಿಯಾರೆಂದು ಮುಖಕ್ಕೆ ದುಪಟ್ಟಾ ಎಳೆದುಕೊಂಡು ಕೂತಿದ್ದೆ.

ಅಂಗಡಿಯಲ್ಲಿ ಅವನು ಒಬ್ಬನೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ. ಖುಷಿಯಿಂದ ಎದ್ದದ್ದು, ಆಮೇಲೆ ಚೀಲ ನೋಡಿದ. ನಾನು ಡಬ್ಬ ತೆಗೆದು ಗಾಜಿನ ಮೇಲಿಟ್ಟೆ.

"ಕೂಡಲಿಲ್ಲೇನು?" ಅಂದ.

"ಕೂಡಲಿಲ್ಲ. ಕೂಡಿದ್ದರೂ ತಂದ ಕೊಡತಿದ್ದೆ. ನಾ ಈ ಲಗ್ನ ಒಲ್ಲೆ. ಅತ್ತಿ ಮುಂದ, ಅಪ್ಪನ ಮುಂದ ಹೇಳಾಕ ಆಗಲಿಲ್ಲ. ಅದಕ್ಕ ನಿನ್ನ ಮುಂದ ಹೇಳಾಕ ಬಂದೇನಿ."

ಅವನು ಡಬ್ಬವನ್ನು ಗಾಜಿನ ಮೇಲೆ ಸರಿಸಿ ನೇರ ಮಾಡಿಟ್ಟ. ಆಮೇಲೆ, "ನಾಕ ತಿಂಗಳ ದಿನಾ ಮೆಸೇಜ್ ಮಾಡಿದಿ. ಬರೇ ಕಾರ್ಡ್ ಸಲುವಾಗೇನು?" ಅಂದ.

"ಹೌದು. ಬರೇ ಕಾರ್ಡ್ ಸಲುವಾಗಿ."

"ಬ್ಯಾರೆ ಯಾರರ ಅದಾರೇನು?"

"ಯಾರಿಲ್ಲ."

"ಯಾರಾರ ಇದ್ದರ ಬೇಷಿತ್ತು" ಎಂದು ನಗಲು ನೋಡಿದ. "ಯಾರೂ ಇಲ್ಲದ ನನ್ನ ಒಲ್ಲೆ ಅಂತಿ. ನಾ ಮಂದಿಗೆ ಏನಂತ ಹೇಳಲಿ?"

ಆಗ ನನಗೆ ಅವನ ಮುಖ ಮೊದಲ ಸಲ ಸರಿಯಾಗಿ ಕಂಡಿತು. ಅವನಿಗೂ ನೋವಾಗುತ್ತದೆ ಎಂದು ಮೂರು ವಾರದಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ನನ್ನ ಸಂಕಟದಲ್ಲೇ ಮುಳುಗಿದ್ದೆ. ನಾಚಿಕೆಯಾಯಿತು. ಆದರೂ ಕಾರ್ಡನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಡಬ್ಬ ಎತ್ತಿ, ಸೀಳಿದ ಸೀಲಿನ ಮೇಲೆ ಬೆರಳಾಡಿಸಿ, ರೂಢಿಯ ಕೈಯಿಂದ ಮಾರ್ಕರ್ ತೆಗೆದು ಮೇಲೆ "ಓಪನ್ ಬಾಕ್ಸ್" ಎಂದು ಬರೆದ. ಹಳೆಯ ಬೆಲೆ ಹೊಡೆದು ಕೆಳಗೆ ಕಡಿಮೆ ಬೆಲೆ ಹಾಕಿ, ಸೆಕೆಂಡ್ ಹ್ಯಾಂಡ್ ಸಾಮಾನಿನ ಸಾಲಿನಲ್ಲಿಟ್ಟ. ನಾನು ಅದನ್ನೇ ನೋಡುತ್ತಿದ್ದೆ. ನೋಡುತ್ತಿದ್ದೇನೆ ಎನ್ನುವುದು ಅವನಿಗೆ ಗೊತ್ತಾಯಿತು.

"ಒಮ್ಮಿನೂ ಕರೆಂಟ್ ಕಂಡಿಲ್ಲ ಅದು. ಹೊಸಾದ ಐತಿ" ಎಂದ, ಮುಖ ತಿರುಗಿಸಿ. "ಆದರ ಸೀಲ್ ಒಡದದ್ದು ಅಂದ್ರ ಮಂದಿ ಕೇಳೂದಿಲ್ಲ."

ಸಕ್ಕರೆ ತಿಂದು ಒಲ್ಲೆ ಅಂದವಳ ಬಗ್ಗೆ ಮಂದಿ ಏನು ಹೇಳುತ್ತಾರೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಹೊರಡುವಾಗ ಅವನು, "ನಾನ ಒಲ್ಲೆ ಅಂದೆ ಅಂತ ಅವ್ವಗ ಹೇಳ್ಲೇನು?" ಎಂದು ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಹಾಗೆ ಹೇಳಿದರೆ ಅಪ್ಪ ತಂಗಿಯ ಮುಂದೆ ತಲೆ ತಗ್ಗಿಸಬೇಕಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಯೋಚಿಸಿದೆ. ಹೂಂ ಅಂದುಬಿಡು ಎಂದು ಒಳಗೊಳಗೇ ಒಂದು ಜೀವ ಹೇಳುತ್ತಿತ್ತು.

"ಬ್ಯಾಡ" ಅಂದೆ. "ನಾ ಒಲ್ಲೆ ಅಂದೆ ಅಂತ ಹೇಳು. ಖರೇ ಅದ ಐತಿ."

ಇದನ್ನು ಧೈರ್ಯ ಎಂದು ಆಗ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಸೀಲು ಒಡೆಯುವಾಗ ಇದ್ದದ್ದೂ ಇದೇ ಹಟವೇ ಅಲ್ಲವೇ ಎಂದು ಆಗಾಗ ಅನ್ನಿಸುತ್ತದೆ.

ಬಸ್ಸು ಸಿಂದಗಿ ಮುಟ್ಟುವ ಮೊದಲೇ ಅತ್ತೆಯ ಫೋನು ಮನೆ ಮುಟ್ಟಿತ್ತು. ಅವ್ವ ಹೊಸ್ತಿಲಲ್ಲಿ ನಿಂತಿರಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಂಗಡಿಯಲ್ಲಿ ಮಿಷಿನ್ ನಿಂತಿತ್ತು. ಅಪ್ಪ ನೆಲದ ಮೇಲೆ, ಹೊಲಿದು ಮುಗಿಸಿದ ಗಾದಿಯ ಮುಂದೆ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತೆ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದೆ.

"ಅಪ್ಪಾ..."

ಅವರು ತಲೆ ಎತ್ತಲಿಲ್ಲ. "ಕೆಂಪಂದ ಎಷ್ಟ ಉದ್ದ ಐತಿ?" ಎಂದರು.

ಮೊದಲು ನನಗೆ ಅರ್ಥವಾಗಲಿಲ್ಲ. "ಇಪ್ಪತ್ನಾಕ ಸೆಂಟಿಮೀಟರ್" ಅಂದೆ.

"ನಿನ್ನ ಡಬ್ಬ್ಯಾಗ ಕೂಡ್ತೈತಿ?"

"ಕೂಡ್ತೈತಪ್ಪಾ."

ಅಪ್ಪ ಟೇಪು ತೆಗೆದು ಗಾದಿಯ ಅಗಲಕ್ಕೆ ಹಿಡಿದರು. ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು. ಹಿಡಿದೆ. ನಡುವೆ ಸುಣ್ಣದಿಂದ ಗೆರೆ ಎಳೆದು, ಕತ್ತರಿ ಹಾಕಿ ನೀಲಿ ಪಟ್ಟೆಯ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಕೊಯ್ದರು. ಅರ್ಧದ ಹತ್ತಿಯನ್ನು ಬಾಚಿ ಮಿಷಿನ್ ಪಕ್ಕದ ರಾಶಿಗೆ ಹಾಕಿದರು. ಉಳಿದರ್ಧದ ಬಾಯನ್ನು ದಬ್ಬಣದಿಂದ ಹೊಲಿದರು. ಒಬ್ಬರು ಮಲಗುವಷ್ಟು ಅಗಲದ ಗಾದಿಯಾಯಿತು. ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೋಗಿ ನನ್ನ ಕೋಣೆಯಲ್ಲಿ, ಕಂಪ್ಯೂಟರಿನ ಪಕ್ಕ ಹಾಸಿದರು.

ನಾನು ಅಂದು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ಕೆಂಪು ಕಾರ್ಡು ಬಂದಿತು, ಕೂಡಿತು. ಎರಡು ವರ್ಷವಾಯಿತು. ಬಿಸಿಯಾಗುತ್ತದೆ, ಅವನು ಹೇಳಿದ್ದು ಸುಳ್ಳಲ್ಲ. ತಿಂಗಳಿಗೊಮ್ಮೆ ಬಿಚ್ಚಿ ಹತ್ತಿ ತೆಗೆಯುತ್ತೇನೆ. ಅವನ ಮದುವೆ ಮುದ್ದೇಬಿಹಾಳದ ಹುಡುಗಿಯ ಜೊತೆ ಆಯಿತು. ನಮ್ಮನ್ನು ಕರೆಯಲಿಲ್ಲ. ಅತ್ತೆಯ ಮನೆಯ ಗಾದಿಯನ್ನು ಮೊದಲ ಸಲ ಬೇರೆಯವರು ಹೊಲಿದರು. ನನ್ನನ್ನು ನೋಡಲು ಇಬ್ಬರು ಬಂದಿದ್ದರು, ಸಕ್ಕರೆಯ ಕಥೆ ಅವರಿಗಿಂತ ಮುಂಚೆಯೇ ಬಂದು ಕೂತಿತ್ತು. ನಾನು ಮನೆಯಿಂದ ಕಾಲೇಜಿಗೆ ಹನ್ನೆರಡು ನಿಮಿಷ, ಕಾಲೇಜಿನಿಂದ ಮನೆಗೆ ಹನ್ನೆರಡು ನಿಮಿಷ. ಮಗ್ಗಲು ಬದಲಿಸಿದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂಪ್ಯೂಟರಿನ ಡಬ್ಬಿ.

ಹೋದ ಈದಿನ ದಿನ ಅಪ್ಪ ಮೊದಲಿನ ಹಾಗೆ ಸುರಕುಂಬಾ ಪಾಯಸವನ್ನು ಊಟದ ಡಬ್ಬಿಗೆ ಹಾಕಿಸಿಕೊಂಡು, ಹೊಸ ಅಂಗಿ ತೊಟ್ಟು ಇಂಡಿಗೆ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತು, ಡಬ್ಬಿಯ ಸಮೇತ ತಿರುಗಿ ಬಂದರು. ಬರಬ್ಯಾಡ ಎಂದು ತಂಗಿ ಫೋನಿನಲ್ಲಿ ಹೇಳಿದಳಂತೆ. ಅಂಗಿ ಬದಲಿಸದೆ ನನ್ನ ಕೋಣೆಗೆ ಬಂದು, ಆ ಸಣ್ಣ ಗಾದಿಯ ತುದಿಗೆ ಕೂತರು. ನಾನು ಲಾರಿ ಓಡಿಸುತ್ತಿದ್ದೆ. ಅಪ್ಪ ಅಲ್ಲಿ ಕೂತು ಆಟ ನೋಡಿದ್ದು ಅದೇ ಮೊದಲು. ರಸ್ತೆಯ ಬದಿಗೆ ಒಂದು ಕೆರೆ ಬಂತು, ಮರದ ನೆರಳು ನೀರಿನಲ್ಲಿ ಮಸುಕಾಗಿ ಬಿದ್ದಿತ್ತು. ಬಹಳ ಹೊತ್ತು ನೋಡಿದರು.

"ಭಾಳ ಚಲೋ ರಸ್ತೆ ಐತಿ" ಎಂದರು. ಆಮೇಲೆ, "ಇದು ಇಂಡಿಗೆ ಹೋಗ್ತೈತೇನವಾ?" ಎಂದು ಕೇಳಿದರು.

ನಗುತ್ತಿದ್ದಾರೇನೋ ಎಂದು ತಿರುಗಿ ನೋಡಿದೆ. ನಗುತ್ತಿರಲಿಲ್ಲ.

"ಇಲ್ಲಪ್ಪಾ" ಅಂದೆ.

ಲಾರಿಯನ್ನು ಬದಿಗೆ ಹಚ್ಚಿ ನಿಲ್ಲಿಸಿದೆ.